ಕಿವಿಗೆ ಬಿದ್ದ ಪಾತ್ರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಇಳಕಲ್ಲಿನ ನೇಕಾರರ ಓಣಿಯಲ್ಲಿ ಸಂಜೆಯಾದರೆ ಮನೆಮನೆಯಲ್ಲೂ ಟಿವಿ ಹಚ್ಚುತ್ತಾರೆ. ಆದರೆ ಅದರ ಮುಂದೆ ಕೈಕಟ್ಟಿ ಕೂತು ನೋಡುವವರು ಕಮ್ಮಿ. ಅಡುಗೆಮನೆಯಲ್ಲಿ ಒಬ್ಬರು ರೊಟ್ಟಿ ಬಡಿಯುತ್ತಿರುತ್ತಾರೆ. ಪಡಸಾಲೆಯಲ್ಲಿ ನಮ್ಮ ದೊಡ್ಡವ್ವ ಕಂಡಿಕಿ, ಅಂದರೆ ಮಗ್ಗಕ್ಕೆ ಬೇಕಾದ ನೂಲಿನ ಸುರುಳಿ, ಸುತ್ತುತ್ತಿರುತ್ತಾಳೆ. ಬಲಗೈ ರಾಟಿ ತಿರುಗಿಸುತ್ತದೆ, ಎಡಗೈ ಬೆರಳ ಸಂದಿನಿಂದ ರೇಷ್ಮೆ ಎಳೆ ಓಡುತ್ತದೆ. ಎಳೆ ಹರಿದರೆ ತಕ್ಷಣ ಗಂಟು ಹಾಕಬೇಕು. ಹಾಗಾಗಿ ಕಣ್ಣು ಎಳೆಯ ಮೇಲೆ, ಕಿವಿ ಸೀರಿಯಲ್ಲಿನ ಮೇಲೆ. ಧಾರಾವಾಹಿ ನೋಡುತ್ತೇವೆ ಅನ್ನುತ್ತೇವೆ, ಅಲ್ವಾ? ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳಷ್ಟು ಹೆಣ್ಣುಮಕ್ಕಳು ಅದನ್ನು ಕೇಳುತ್ತಾರೆ.

ಹೀಗೆ ಕೇಳುವಾಗ ಒಂದು ಅನುಕೂಲ ಇದೆ. ಮಲಗುವಾಗಲೂ ಉಟ್ಟುಕೊಂಡ ಜರತಾರಿ ಸೀರೆ, ಮೈತುಂಬ ಒಡವೆ, ಅರಮನೆಯಂಥ ಮನೆ, ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಉಳಿಯುವುದು ಪಾತ್ರದ ದನಿ, ಪಾತ್ರದ ಮಾತು ಮಾತ್ರ. ಅಲ್ಲಿಗೆ ಯಾವ ಪಾತ್ರದಲ್ಲಿ ಜೀವ ಇದೆ, ಯಾವುದರಲ್ಲಿ ಇಲ್ಲ ಅನ್ನುವುದು ಬೇಗ ತಿಳಿದುಬಿಡುತ್ತದೆ.

ಕೆಟ್ಟವಳು ಬರುವ ಮೊದಲೇ ಅವಳ ಸಂಗೀತ ಬರುತ್ತದೆ. ದೊಡ್ಡವ್ವ ತಲೆ ಎತ್ತದೆ, "ಬಂದಳ ನೋಡವ್ವ ಹಾಳ ಮಾಡಾಕಿ" ಅನ್ನುತ್ತಾಳೆ. ಆಮೇಲೆ ಅವಳು ಮನಸ್ಸಿನೊಳಗೆ ಆಡಿಕೊಳ್ಳುವ ಮಾತು, ಬಾವಿಯೊಳಗಿಂದ ಬಂದ ಹಾಗೆ. ಮಾಡಬೇಕೆಂದಿರುವ ಸಂಚನ್ನೆಲ್ಲ ನಮಗೆ ಮೊದಲೇ ಹೇಳಿ ಮುಗಿಸುತ್ತಾಳೆ. ಅಷ್ಟರಲ್ಲಿ ಢಣ್ ಢಣ್ ಢಣ್ ಅಂತ ಮೂರು ಸಲ ಸಪ್ಪಳ. ಒಳಗಿಂದ ರೊಟ್ಟಿ ಬಡಿಯುವವರು "ಏನಾತು?" ಅಂತ ಕೇಳುತ್ತಾರೆ. "ಏನೂ ಆಗಿಲ್ಲ, ಬರೇ ಮಾರಿ ತೋರಸಾಕತ್ತಾರ." ಈ ಉತ್ತರ ವಾರಕ್ಕೆ ಎಷ್ಟು ಸಲ ಕೇಳಿದ್ದೇನೋ!

ಆದರೆ ನನಗೆ ಇದಕ್ಕಿಂತ ಜಾಸ್ತಿ ಸಂಕಟವಾಗುವುದು ಒಳ್ಳೆಯವಳ ಬಗ್ಗೆ. ಅವಳಿಗೆ ಸತ್ಯ ಗೊತ್ತಿರುತ್ತದೆ. ಗಂಡ ಎದುರಿಗೇ ನಿಂತಿರುತ್ತಾನೆ. ಒಂದು ಮಾತು ಬಾಯಿಬಿಟ್ಟು ಹೇಳಿದರೆ ಜಗಳ ಅಲ್ಲೇ ಮುಗಿಯುತ್ತದೆ. ಅವಳು ಹೇಳುವುದಿಲ್ಲ, ಬಿಕ್ಕುತ್ತಾಳೆ. ತಿಂಗಳುಗಟ್ಟಲೆ ಬಿಕ್ಕುತ್ತಾಳೆ. ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರು ಅನ್ನುವ ಟಿಆರ್‌ಪಿ ಲೆಕ್ಕ ಗುರುವಾರ ಗುರುವಾರ ಬರುತ್ತದೆ, ಕಥೆ ಎಳೆದಷ್ಟೂ ಜಾಹೀರಾತು ಅನ್ನುವುದೆಲ್ಲ ಅರ್ಥವಾಗುತ್ತದೆ. ಆದರೂ ಬಾಯಿಲ್ಲದವಳೇ ಒಳ್ಳೆಯವಳು ಅಂತ ದಿನಾ ಸಂಜೆ ನಮ್ಮ ಹುಡುಗಿಯರ ಕಿವಿಗೆ ಬೀಳುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಓಣಿಯ ಸೊಸೆಯಂದಿರು ಹೀಗಿಲ್ಲ. ಅತ್ತೆಯ ಎದುರು ಕೂತು, ಗೌರವ ಬಿಡದೆ, "ಅತ್ತಿ, ನೀವು ಹೇಳಿದ್ದು ತಪ್ಪೈತಿ ನೋಡ್ರಿ" ಅನ್ನುವವರನ್ನು ನಾನು ಬಲ್ಲೆ. ಆ ಮನೆಗಳು ಒಡೆದಿಲ್ಲ.

ಇಂಥದ್ದರ ನಡುವೆ ಪುಟ್ಟಕ್ಕ ಬಂದಳು. 2021ರ ಕೊನೆಗೆ ಜೀ ಕನ್ನಡದಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಪುಟ್ಟಕ್ಕ. ಗಂಡ ಕೈಬಿಟ್ಟಿದ್ದಾನೆ, ಮೂವರು ಹೆಣ್ಣುಮಕ್ಕಳು, ಮೆಸ್ ನಡೆಸಿ ಸಾಕುತ್ತಾಳೆ. ಅವಳೂ ಅಳುತ್ತಾಳೆ, ಇಲ್ಲ ಅನ್ನುವುದಿಲ್ಲ. ಆದರೆ ಅವಳ ಬದುಕಿನಲ್ಲಿ ದುಡಿಮೆ ಇದೆ. ನಾಳೆ ಬೆಳಗಾದರೆ ಒಲೆ ಹಚ್ಚಬೇಕು, ಹಸಿದು ಬಂದವರಿಗೆ ಬಡಿಸಬೇಕು ಅನ್ನುವ ಅವಸರ ಆ ದನಿಯಲ್ಲಿ ಕೇಳಿಸುತ್ತದೆ. ರಾಟಿ ತಿರುಗಿಸುವ ಕೈಗೆ ಅದು ತಕ್ಷಣ ಗುರುತು ಸಿಗುತ್ತದೆ. ಪುಟ್ಟಕ್ಕನ ಪಾತ್ರ ಮಾಡಿದ ಉಮಾಶ್ರೀ ಅವರು ರಂಗಭೂಮಿಯಿಂದ ಬಂದವರು. ಕೊನೆಯ ಸಾಲಿನವರಿಗೂ ಮುಟ್ಟುವ ಹಾಗೆ ಮಾತಾಡಿ ಪಳಗಿದ ಗಂಟಲು ಅದು. ನಮ್ಮ ಬಾಗಲಕೋಟೆ ಜಿಲ್ಲೆಗಂತೂ ಆ ದನಿ ಹೊಸದಲ್ಲ. 2013ರಲ್ಲಿ ತೇರದಾಳದಿಂದ ಶಾಸಕಿಯಾಗಿ ಆರಿಸಿ ಬಂದವರಲ್ಲವೇ!

ಕಿವಿಗೆ ದಕ್ಕುವ ಇನ್ನೊಂದು ಪಾತ್ರ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಬರುವ ವಕೀಲ ಸಿ.ಎಸ್.ಪಿ. ಕೋರ್ಟಿನ ದೃಶ್ಯ ಶುರುವಾದರೆ ಟಿವಿ ಕಡೆ ತಿರುಗುವುದೇ ಬೇಡ. ಪ್ರಶ್ನೆ, ಉತ್ತರ, ನಡುವೆ ಒಂದು ಮೌನ. ಕೂಗಾಟವಿಲ್ಲ. ಮುಂದಿನ ಪ್ರಶ್ನೆ ಏನಿರಬಹುದು ಅಂತ ನಾವೇ ಯೋಚಿಸುವಂತೆ ಮಾಡುತ್ತಿದ್ದರು.

ಬೆಳಗಾವಿಯ ನಮ್ಮ ಚಿಕ್ಕಮ್ಮನ ಮನೆಯ ಕಥೆಯೇ ಬೇರೆ. ಅಲ್ಲಿ ಮರಾಠಿ, ಕನ್ನಡ ಎರಡೂ ಚಾನೆಲ್ಲು ನಡೆಯುತ್ತವೆ. 2019ರಲ್ಲಿ 'ಜೊತೆ ಜೊತೆಯಲಿ' ಶುರುವಾದಾಗ ನಾವೆಲ್ಲ ಅದರ ನಾಯಕ ಆರ್ಯವರ್ಧನನ ಮೆತ್ತನೆ ಮಾತಿಗೆ ಮರುಳಾಗಿದ್ದೆವು. ಅದರ ಮೂಲ ಮರಾಠಿ ಧಾರಾವಾಹಿಯನ್ನು ಚಿಕ್ಕಮ್ಮ ಮೊದಲೇ ನೋಡಿ ಮುಗಿಸಿದ್ದರು. ಫೋನಿನಲ್ಲಿ ಒಂದೇ ಮಾತು: "ಅವನ್ನ ಭಾಳ ನಂಬಬ್ಯಾಡ್ರಿ." ಅಂದಿನಿಂದ ನಾನು ಆ ದನಿಯನ್ನು ಬೇರೆ ಕಿವಿಯಿಂದ ಕೇಳತೊಡಗಿದೆ. ಪ್ರೀತಿಯ ಮಾತೇ, ಆದರೆ ಒಳಗೆ ಇನ್ನೇನೋ ಇದೆ ಅನ್ನಿಸುತ್ತಿತ್ತು. ಪಾತ್ರ ಅಂದರೆ ಹಾಗಿರಬೇಕು. ಒಳ್ಳೆಯವನೋ ಕೆಟ್ಟವನೋ ಅಂತ ಮನೆಮಂದಿಯೆಲ್ಲ ವಾದ ಮಾಡುವಂತಿರಬೇಕು.

ಇನ್ನು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಮಾತು. ಇಷ್ಟೆಲ್ಲ ಕೇಳುವ ನಮ್ಮ ಕಿವಿಗೆ ನಮ್ಮ ಮಾತು ಎಷ್ಟು ಬೀಳುತ್ತದೆ? ವೈಶಾಲಿ ಕಾಸರವಳ್ಳಿ ಅವರ 'ಮೂಡಲ ಮನೆ' ಈಟಿವಿಯಲ್ಲಿ ಬರುತ್ತಿದ್ದಾಗ ಉತ್ತರ ಕರ್ನಾಟಕದ ಒಂದು ತುಂಬಿದ ಮನೆ ನಮ್ಮ ಮಾತಿನಲ್ಲೇ ನಕ್ಕಿತು, ಅತ್ತಿತು, ಜಗಳ ಆಡಿತು. ಆಗ ಟಿವಿಯ ಮಾತು ಯಾವುದು, ನೆರೆಮನೆಯ ಮಾತು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಅಂಥದ್ದು ಆಮೇಲೆ ಅಪರೂಪವಾಯಿತು. ಈಗ ನಮ್ಮ ಮಾತು ಕೇಳಿಸುವುದು ಹೆಚ್ಚಾಗಿ ಅಡುಗೆಯವನ ಬಾಯಲ್ಲಿ, ಇಲ್ಲವೇ ಸುಮ್ನೆ ನಗಿಸಲು ಬಂದವನ ಬಾಯಲ್ಲಿ. ಅದೂ ಎರಡು ಸಾಲಿಗೊಮ್ಮೆ "ಹೌದಲೇ" ತುರುಕಿದ ಮಾತು. ಡಾಕ್ಟರು, ಕಲೆಕ್ಟರು, ಕಥಾನಾಯಕಿ ಮಾತ್ರ ಬೆಂಗಳೂರಿನ ಹಾಗೆ ಮಾತಾಡುತ್ತಾರೆ.

ಇಲ್ಲಿ ಜಮಖಂಡಿ, ಮುಧೋಳದ ಆಸ್ಪತ್ರೆಗಳಲ್ಲಿ "ಎಲ್ಲಿ ಬ್ಯಾನಿ ಆಗತೈತ್ರಿ?" ಅಂತ ಕೇಳುವ ಡಾಕ್ಟರು ದಿನಾ ಸಿಗುತ್ತಾರೆ. ವಿಜಯಪುರದ ಕೋರ್ಟಿನಲ್ಲಿ ಇದೇ ಮಾತಿನಲ್ಲಿ ಕಕ್ಷಿದಾರರಿಗೆ ಧೈರ್ಯ ಹೇಳುವ ವಕೀಲೆಯರಿದ್ದಾರೆ. ಧಾರಾವಾಹಿ ಬರೆಯುವವರು ಒಮ್ಮೆ ನಮ್ಮ ಕಡೆ ಬರಲಿ. ಅಂಥ ಒಬ್ಬ ವಕೀಲೆಯನ್ನೇ ನಾಯಕಿ ಮಾಡಿ, ಅವಳ ಮಾತನ್ನು ಅವಳಿಗೇ ಬಿಟ್ಟು ಬರೆಯಲಿ. ನಾವು ಕೇಳುತ್ತೇವೆ.

ನಮಸ್ಕಾರ.