ಗಡಿ ಸುತ್ತುವ ಕೆಲಸ

ಹಿರಿಯರಿಗೆ, ಗೆಳೆಯರಿಗೆ, ಹಿಂದಿನ ಸಾಲುಗಳಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಲ್ಯಾಂಡ್ ಟ್ರಸ್ಟಿನಲ್ಲಿ, ಅಂದರೆ ನೆಲವನ್ನು ಉಳಿಸಿ ಕಾಯುವ ಸಂಸ್ಥೆಯಲ್ಲಿ, ನೆಲ ಮತ್ತು ನೀರಿನ ಸಂರಕ್ಷಣೆಯ ಕಾರ್ಯಕ್ರಮಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಶಿರಸಿಗೆ ಬಂದಾಗಲೆಲ್ಲ ‘ಅಲ್ಲಿ ನಿಂಗೆ ಎಂತ ಕೆಲಸ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ‘ಜಾಗ ಉಳಿಸೋದು’ ಎಂದರೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ. ನಾನು ಸರಿಯಾಗಿ ಹೇಳಿಲ್ಲ ಎಂದೇ ಅದರ ಅರ್ಥ. ಇವತ್ತು ಸಮಯ ಕೊಟ್ಟಿದ್ದೀರಿ. ನಮ್ಮ ಸೊಪ್ಪಿನ ಬೆಟ್ಟದಿಂದಲೇ ಶುರು ಮಾಡುತ್ತೇನೆ.

ಇಲ್ಲಿ ಅಡಿಕೆ ತೋಟ ಇದ್ದವರಿಗೆ ತೋಟದ ಜೊತೆ ಬೆಟ್ಟವೂ ಇರುತ್ತದೆ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ನಡೆದುಬಂದದ್ದು. ನೆಲ ಸರ್ಕಾರದ್ದು, ಸೊಪ್ಪು ಕಡಿಯುವ, ದರಕು ಅಂದರೆ ಉದುರಿದ ಒಣ ಎಲೆ ಒಟ್ಟುವ ಹಕ್ಕು ತೋಟದವರದು. ಆ ಹಕ್ಕು ಇದೆ ಎಂದು ಅಲ್ಲಿ ಮನೆ ಕಟ್ಟುವ ಹಾಗಿಲ್ಲ, ಬೆಟ್ಟವನ್ನೇ ಸವರಿ ತೋಟ ಮಾಡುವ ಹಾಗಿಲ್ಲ. ಅಂದರೆ ಒಂದೇ ನೆಲದ ಮೇಲಿನ ಹಕ್ಕುಗಳನ್ನು ಬಿಡಿಸಿ ಬೇರೆ ಬೇರೆಯವರ ಕೈಗೆ ಕೊಡಬಹುದು ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ನಮ್ಮ ಟ್ರಸ್ಟಿನ ಅರ್ಧ ಕೆಲಸ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ.

ಅಲ್ಲಿ ಒಬ್ಬ ರೈತನಿಗೆ ನೂರು ಎಕರೆ ಇದೆ ಎನ್ನಿ. ಉಳಬಹುದು, ಹುಲ್ಲು ಕೊಯ್ಯಬಹುದು, ಮರ ಕಡಿಯಬಹುದು, ಸೈಟು ಮಾಡಿ ಮಾರಬಹುದು. ಇಷ್ಟೂ ಹಕ್ಕುಗಳಲ್ಲಿ ಸೈಟು ಮಾಡುವ, ಮನೆ ಕಟ್ಟುವ, ಮಣ್ಣು ತೆಗೆದು ಮಾರುವ ಹಕ್ಕುಗಳನ್ನು ಮಾತ್ರ ಬಿಡಿಸಿ ಅವನು ಟ್ರಸ್ಟಿಗೆ ಬರೆದುಕೊಡುತ್ತಾನೆ. ಕೆಲವರು ದಾನವಾಗಿ, ಕೆಲವರು ಹಣ ಪಡೆದು. ಜಮೀನು ಅವನದೇ, ಬೇಕಾದರೆ ಮಾರಬಹುದು, ಮಕ್ಕಳಿಗೆ ಬಿಡಬಹುದು. ಬರೆಸಿಕೊಂಡ ಹಕ್ಕನ್ನು ಟ್ರಸ್ಟು ಕೂಡ ಬಳಸುವಂತಿಲ್ಲ, ಬೀಗ ಹಾಕಿ ಇಟ್ಟುಕೊಳ್ಳಬೇಕು. ಆ ಪತ್ರ ನೋಂದಣಿ ಕಚೇರಿಯಲ್ಲಿ ದಾಖಲಾಗುತ್ತದೆ. ಮುಂದೆ ಜಮೀನು ಯಾರ ಕೈಗೆ ಹೋದರೂ ಅವರನ್ನೂ ಕಟ್ಟಿಹಾಕುತ್ತದೆ. ಕಾಲಮಿತಿ ಇಲ್ಲ. ಎಂದೆಂದಿಗೂ ಎಂದೇ ಬರೆದಿರುತ್ತದೆ.

ಕಾನೂನು ಬಲ್ಲವರು ಇಲ್ಲಿ ಒಂದು ಪ್ರಶ್ನೆ ಎತ್ತಬೇಕು. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಇನ್ನೊಬ್ಬರ ಜಮೀನಿನ ಮೇಲೆ ಇಂಥ ಹಕ್ಕು ಇರಬೇಕಾದರೆ, ಅದರಿಂದ ಅನುಕೂಲ ಪಡೆಯುವ ಒಂದು ಜಮೀನು ಹಕ್ಕುದಾರನಿಗೆ ಇರಬೇಕು: ಪಕ್ಕದ ತೋಟಕ್ಕೆ ಹೋಗುವ ದಾರಿ, ಗದ್ದೆಗೆ ನೀರು ಬರುವ ಕಾಲುವೆ. ಅಕ್ಕಪಕ್ಕದಲ್ಲಿ ಗುಂಟೆ ನೆಲವೂ ಇಲ್ಲದ ಒಂದು ಸಂಸ್ಥೆ ‘ಇಲ್ಲಿ ಮನೆ ಕಟ್ಟಬೇಡಿ’ ಎನ್ನಲು ಹಳೆಯ ಇಂಗ್ಲಿಷ್ ಕಾನೂನಿನಲ್ಲೂ ಜಾಗವಿರಲಿಲ್ಲ. ಮ್ಯಾಸಚೂಸೆಟ್ಸ್ 1969ರಲ್ಲಿ ಅದಕ್ಕೆಂದೇ ಕಾನೂನು ಮಾಡಿತು. ಟ್ರಸ್ಟು ಬರೆಸಿಕೊಂಡ ಪ್ರತಿ ಪತ್ರಕ್ಕೂ ಊರಿನ ಆಡಳಿತ ಮತ್ತು ರಾಜ್ಯ ಸರ್ಕಾರ ಎರಡೂ ಒಪ್ಪಿಗೆಯ ಸಹಿ ಹಾಕಬೇಕು. ತಡವಾಗುತ್ತದೆ, ಆದರೆ ಆ ಕಟ್ಟುನಿಟ್ಟು ಒಳ್ಳೆಯದು ಎಂಬುದು ನನ್ನ ಅನುಭವ.

ಟ್ರಸ್ಟಿನ ಕಲ್ಪನೆ ಇದಕ್ಕಿಂತ ಹಳೆಯದು. ಬಾಸ್ಟನ್ನಿನ ಚಾರ್ಲ್ಸ್ ಎಲಿಯಟ್ ಎಂಬ ಉದ್ಯಾನ ವಿನ್ಯಾಸಕಾರ 1890ರಲ್ಲಿ ಒಂದು ಪತ್ರಿಕೆಗೆ ಬರೆದ. ಗ್ರಂಥಾಲಯ ಪುಸ್ತಕಗಳನ್ನು, ಚಿತ್ರಶಾಲೆ ಚಿತ್ರಗಳನ್ನು ಜನರಿಗಾಗಿ ಇಟ್ಟುಕೊಳ್ಳುವ ಹಾಗೆ ಚೆಂದದ ನೆಲವನ್ನು ಇಟ್ಟುಕೊಳ್ಳುವ ಸಂಸ್ಥೆ ಬೇಕು ಎಂಬುದು ಅವನ ವಾದ. ಮರುವರ್ಷವೇ ಅಂಥ ಸಂಸ್ಥೆ ಹುಟ್ಟಿತು. ದಿ ಟ್ರಸ್ಟೀಸ್ ಎಂಬ ಹೆಸರಿನಲ್ಲಿ ಈಗಲೂ ಇದೆ. ಎಲಿಯಟ್ 37ನೇ ವಯಸ್ಸಿನಲ್ಲಿ ತೀರಿಕೊಂಡ. 2020ರ ಹೊತ್ತಿಗೆ ಅಮೆರಿಕದಾದ್ಯಂತ ಲ್ಯಾಂಡ್ ಟ್ರಸ್ಟುಗಳು ಉಳಿಸಿದ ನೆಲ ಸುಮಾರು 6.1 ಕೋಟಿ ಎಕರೆ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ 4.74 ಕೋಟಿ ಎಕರೆ.

ಈಗ ನೀರಿನ ಮಾತು. ಬಾಸ್ಟನ್ ನಗರ ಕುಡಿಯುವುದು ಸುಮಾರು ನೂರು ಕಿಲೋಮೀಟರ್ ದೂರದ ಕ್ವಾಬಿನ್ ಜಲಾಶಯದ ನೀರನ್ನು. ಅದಕ್ಕಾಗಿ ಡೇನಾ, ಎನ್‌ಫೀಲ್ಡ್, ಗ್ರೀನಿಚ್, ಪ್ರೆಸ್ಕಾಟ್ ಎಂಬ ನಾಲ್ಕು ಊರುಗಳನ್ನು 1938ರ ಏಪ್ರಿಲ್ 28ರಂದು ಕಾಗದದ ಮೇಲೆಯೇ ಅಳಿಸಿಹಾಕಿದರು. ಹಿಂದಿನ ರಾತ್ರಿ ಎನ್‌ಫೀಲ್ಡಿನ ಟೌನ್ ಹಾಲಿನಲ್ಲಿ ಊರವರೆಲ್ಲ ಸೇರಿ ಕೊನೆಯ ಬಾರಿ ಕುಣಿದರು. ಗಡಿಯಾರ ಹನ್ನೆರಡು ಹೊಡೆದಾಗ ಊರು ಇರಲಿಲ್ಲ. ಸುಮಾರು 2,500 ಜನ ಎದ್ದುಹೋದರು. ಏಳು ಸಾವಿರಕ್ಕೂ ಹೆಚ್ಚು ಗೋರಿಗಳನ್ನು ಅಗೆದು ಬೇರೆಡೆ ಒಯ್ದು ಹೂಳಿದರು. ಲಿಂಗನಮಕ್ಕಿಯ ಹಿನ್ನೀರನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ವಾಬಿನ್ ದಂಡೆಯಲ್ಲಿ ಮೊದಲ ಸಲ ನಿಂತಾಗ ನನಗೆ ಕಂಡದ್ದು ಶರಾವತಿಯೇ.

ಆ ನೀರನ್ನು ಬಾಸ್ಟನ್ ಇವತ್ತಿಗೂ ಮರಳಿನಲ್ಲಿ ಸೋಸುವುದಿಲ್ಲ. ಓಝೋನ್ ಮತ್ತು ಅತಿನೇರಳೆ ಕಿರಣದಿಂದ ಶುದ್ಧೀಕರಿಸುತ್ತಾರೆ, ಸೋಸುವ ಘಟಕ ಇಲ್ಲ. ಸೋಸುವ ಕೆಲಸವನ್ನು ಸುತ್ತಲಿನ ಕಾಡಿನ ನೆಲವೇ ಮಾಡುತ್ತದೆ. ನ್ಯೂಯಾರ್ಕ್ ನಗರದ ಕಥೆಯೂ ಹೀಗೇ. ಸುಮಾರು 90 ಲಕ್ಷ ಜನರ ನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಕ್ಯಾಟ್ಸ್‌ಕಿಲ್ ಮತ್ತು ಡೆಲವೇರ್ ಕಣಿವೆಗಳಿಂದ ಬರುತ್ತದೆ. ಸೋಸುವ ಘಟಕ ಕಟ್ಟಲು ಸಾವಿರಾರು ಕೋಟಿ ಡಾಲರ್ ಅಲ್ಲದಿದ್ದರೂ ನೂರಾರು ಕೋಟಿ ಡಾಲರ್ ಬೇಕಿತ್ತು. ಅದನ್ನು ಬಿಟ್ಟು, 1997ರಲ್ಲಿ ನಗರವು ಮೇಲಿನ ಕಣಿವೆಯ ಊರುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಮನಸ್ಸಿದ್ದವರಿಂದ ಮಾತ್ರ ಜಮೀನು ಕೊಳ್ಳುವುದು, ರೈತರ ಗೊಬ್ಬರಗುಂಡಿಗಳನ್ನು ಹಳ್ಳದಿಂದ ದೂರ ಕಟ್ಟಿಕೊಡುವುದು, ದನಗಳು ಹಳ್ಳಕ್ಕೆ ಇಳಿಯದಂತೆ ಬೇಲಿ ಹಾಕಿಕೊಡುವುದು. ಕೆಳಗೆ ಕುಡಿಯುವವರು ಮೇಲೆ ಕಾಯುವವರಿಗೆ ದುಡ್ಡು ಕೊಡಬೇಕು ಎಂಬ ನ್ಯಾಯವನ್ನು ಒಂದು ಮಹಾನಗರ ಒಪ್ಪಿಕೊಂಡದ್ದು ನನಗೆ ಈ ಕ್ಷೇತ್ರದ ಅತಿ ದೊಡ್ಡ ಘಟನೆಯಾಗಿ ಕಾಣುತ್ತದೆ.

ಸೋಸುವುದು ಅಂದರೆ ಏನು? ದರಕು. ಅಷ್ಟೇ. ಮೇಪಲ್, ಓಕ್ ಎಲೆಗಳು ಬಿದ್ದು ಕೊಳೆತು ಅಂಗೈ ದಪ್ಪದ ಮೆತ್ತೆಯಾಗಿರುತ್ತವೆ. ಅದರ ಮೇಲೆ ಬಿದ್ದ ಮಳೆ ಓಡುವುದಿಲ್ಲ, ಇಳಿಯುತ್ತದೆ. ದರಕನ್ನು ಪೂರ್ತಿ ಗುಡಿಸಿ ಒಯ್ದ ನಮ್ಮ ಕೆಲವು ಬೆಟ್ಟಗಳಲ್ಲಿ ಜೂನ್ ತಿಂಗಳ ನೀರು ಕೆಂಪಾಗಿ ಇಳಿಯುವುದನ್ನು ನೀವೇ ನೋಡಿದ್ದೀರಿ. ತೋಟಕ್ಕೆ ಸೊಪ್ಪು ಬೇಕು, ನಿಜ. ಬೆಟ್ಟಕ್ಕೂ ಒಂದು ಪಾಲು ಬಿಡಬೇಕು.

ನೀರಿಗೆ ಸಂಬಂಧಿಸಿದ ನಮ್ಮ ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಮ್ಯಾಸಚೂಸೆಟ್ಸಿನಲ್ಲಿ ಸುಮಾರು ಮೂರು ಸಾವಿರ ಸಣ್ಣ-ದೊಡ್ಡ ಅಣೆಕಟ್ಟುಗಳಿವೆ, ಬಹಳಷ್ಟು ಹಳೆಯ ಗಿರಣಿಗಳಿಗೆ ಕಟ್ಟಿದವು. ಗಿರಣಿ ಹೋಗಿ ಎಷ್ಟೋ ಕಾಲವಾಯಿತು, ಕಟ್ಟೆ ಮಾತ್ರ ಹೊಳೆಗೆ ಅಡ್ಡ ನಿಂತಿದೆ. ಅಂಥವನ್ನು ಒಡೆಯುತ್ತೇವೆ. ರಸ್ತೆ ಕೆಳಗಿನ ಮೋರಿಗಳನ್ನು ಬದಲಿಸುತ್ತೇವೆ: ಪೈಪಿನ ಬಾಯಿ ಹಳ್ಳಕ್ಕಿಂತ ಒಂದು ಅಡಿ ಮೇಲಿದ್ದರೆ ತಣ್ಣೀರಿನ ಟ್ರೌಟ್ ಮೀನು ಮೇಲೆ ಹತ್ತಲಾರದು, ಆ ಹಳ್ಳದ ಮೇಲಿನ ಭಾಗ ಅದಕ್ಕೆ ಇಲ್ಲವೇ ಇಲ್ಲ.

ನಾನು ಇವತ್ತು ನಿಜವಾಗಿ ಹೇಳಬೇಕೆಂದು ಬಂದದ್ದು ಬೇರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಂಬತ್ತು ದಾಟಿದ ಒಬ್ಬ ಹೈನುಗಾರರ ಅಡುಗೆಮನೆಯಲ್ಲಿ ಕೂತಿದ್ದೆ. ಹೊಳೆಯ ದಂಡೆಯ ಹುಲ್ಲುಗಾವಲು ಅವರದು. ಅಂಥ ಜಮೀನಿಗೆ ಮಾರುಕಟ್ಟೆ ಬೆಲೆಗೂ ಬೇಸಾಯದ ಬೆಲೆಗೂ ಇರುವ ವ್ಯತ್ಯಾಸವನ್ನು ಕೊಟ್ಟು ಹಕ್ಕು ಕೊಳ್ಳುವ ಯೋಜನೆ ಆ ರಾಜ್ಯದಲ್ಲಿ 1977ರಿಂದ ಇದೆ. ಇವರು ಹಣ ಬೇಡ, ದಾನವಾಗಿ ಬರೆದುಕೊಡುತ್ತೇನೆ ಎಂದಿದ್ದರು. ಮೇಜಿನ ಮೇಲೆ ಕರಡು ಪತ್ರ, ಪಕ್ಕದಲ್ಲಿ ಅವರ ಹೆಂಡತಿ ಇಟ್ಟ ಕಾಫಿ. ಓದುತ್ತ ಓದುತ್ತ ಕನ್ನಡಕ ತೆಗೆದು ಕೇಳಿದರು:

‘ನನ್ನ ಮೊಮ್ಮಗ ಇದನ್ನು ಮಾರಬಹುದಾ?’

‘ಮಾರಬಹುದು.’

‘ಕೊಂಡವನು ಮನೆ ಕಟ್ಟಬಹುದಾ?’

‘ಇಲ್ಲ.’

‘ಅವನ ಮೊಮ್ಮಗ?’

‘ಇಲ್ಲ.’

ಕಿಟಕಿಯ ಆಚೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಷ್ಟು ಕಾಲ ನೋಡಿಕೊಳ್ಳುವವರು ಯಾರು?’ ‘ನಾವು’ ಎಂದೆ. ಅವರು ಸಹಿ ಹಾಕಿದರು.

ನೋಡಿಕೊಳ್ಳುವುದು ಎಂದರೆ, ವರ್ಷಕ್ಕೊಮ್ಮೆ ಆ ಜಮೀನಿನ ಗಡಿಯನ್ನು ಕಾಲ್ನಡಿಗೆಯಲ್ಲಿ ಸುತ್ತುವುದು. ಪತ್ರ ಮಾಡಿದ ದಿನ ನೆಲ ಹೇಗಿತ್ತು ಎಂಬುದಕ್ಕೆ ಫೋಟೊ, ನಕ್ಷೆಗಳ ದಾಖಲೆ ಇರುತ್ತದೆ. ಅದನ್ನು ಕೈಯಲ್ಲಿ ಹಿಡಿದು, ಕಾಡಿನೊಳಗೆ ಹಾದುಹೋಗುವ ಹಳೆಯ ಕಲ್ಲಿನ ಪಾಗಾರದ ಗುಂಟ ನಡೆಯುತ್ತೇವೆ. ಆ ಪಾಗಾರಗಳು ಹಿಂದೆ ಹೊಲಗಳ ಅಂಚಿಗಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಹೊಲ ಬಿಟ್ಟು ಜನ ಹೋದ ಮೇಲೆ ಕಾಡು ತಾನಾಗಿ ಬಂತು. ಈಗ ರಾಜ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಕಾಡು. ನಡೆದು ಮುಗಿದ ಮೇಲೆ ಮಾಲೀಕರ ಮನೆ ಬಾಗಿಲು ತಟ್ಟಿ ಹತ್ತು ನಿಮಿಷ ಮಾತಾಡುವುದು. ವರದಿಯಲ್ಲಿ ಆ ಹತ್ತು ನಿಮಿಷಕ್ಕೆ ಅಂಕಣವಿಲ್ಲ.

ಆ ಅಜ್ಜ ತೀರಿಕೊಂಡರು. ಜಮೀನು ಕೈ ಬದಲಾಯಿತು. ಆ ವರ್ಷ ನಮ್ಮಲ್ಲಿ ಇಬ್ಬರು ಕೆಲಸ ಬಿಟ್ಟಿದ್ದರು, ಹಿಮ ತಡವಾಗಿ ಕರಗಿತು. ಹೊಳೆದಂಡೆಯ ಭೇಟಿಯನ್ನು ನಾನೇ ಬೇಸಿಗೆಗೆ, ಆಮೇಲೆ ಮರುವರ್ಷಕ್ಕೆ ಮುಂದೂಡಿದೆ. ಮರುವರ್ಷ ಹೋದಾಗ ದಂಡೆಯ ಮೇಪಲ್ ಮರಗಳು ಇರಲಿಲ್ಲ. ಬುಡಗಳನ್ನು ಎಣಿಸಿದೆ: ಮೂವತ್ತೊಂದು. ಹೊಸ ಮಾಲೀಕರಿಗೆ ಮನೆಯಿಂದ ಹೊಳೆ ಕಾಣಬೇಕಿತ್ತು. ಕೊಳ್ಳುವಾಗ ಕೊಟ್ಟ ಕಾಗದಗಳ ಕಟ್ಟಿನಲ್ಲಿ, ದಂಡೆಯ ಮರ ಕಡಿಯುವಂತಿಲ್ಲ ಎಂದಿದ್ದ ನಮ್ಮ ಪತ್ರವೂ ಇತ್ತು, ಅವರು ಓದಿರಲಿಲ್ಲ. ಕೆಟ್ಟ ಮನುಷ್ಯರೇನಲ್ಲ, ಹೇಳಿದ ಮೇಲೆ ಮುಖ ಸಣ್ಣದಾಯಿತು. ಕೋರ್ಟಿಗೆ ಹೋಗದೆ, ಅವರ ಖರ್ಚಿನಲ್ಲೇ ಮತ್ತೆ ಸಸಿ ನೆಟ್ಟೆವು. ಆದರೆ ಸಸಿ ಬೇರು ಹಿಡಿಯುವ ಮೊದಲೇ ಮುಂದಿನ ನೆರೆ ಬಂದು ದಂಡೆಯ ಮಣ್ಣನ್ನು ಒಯ್ದಿತು. ಈಗ ಆ ಗಿಡಗಳು ನನ್ನ ಎತ್ತರಕ್ಕಿವೆ. ಹೋದ ಮರಗಳಿಗೆ ಎಪ್ಪತ್ತು ಎಂಬತ್ತು ವರ್ಷವಾಗಿತ್ತು. ಮೊದಲನೇ ವರ್ಷವೇ ಹೋಗಿ ಆ ಹೊಸಬರ ಜೊತೆ ಕೂತು ಒಂದು ಲೋಟ ಕಾಫಿ ಕುಡಿದಿದ್ದರೆ ಒಂದು ಮರವೂ ಬೀಳುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಅವತ್ತಿನಿಂದ ನನ್ನ ವಿಭಾಗದಲ್ಲಿ ಒಂದು ಕಟ್ಟಳೆ ಮಾಡಿದೆ. ಇರುವ ಜಮೀನುಗಳ ಗಡಿ ಸುತ್ತಿ ಮುಗಿಯುವವರೆಗೆ ಆ ವರ್ಷ ಹೊಸ ಜಮೀನಿನ ಪತ್ರಕ್ಕೆ ಕೈ ಹಾಕುವಂತಿಲ್ಲ. ದಾನಿಗಳಿಗೆ ಹೊಸ ಎಕರೆಗಳ ಸುದ್ದಿ ಬೇಕು, ಪತ್ರಿಕೆಗಳಿಗೂ ಅದೇ ಬೇಕು. ಪ್ರತಿ ಹೊಸ ಪತ್ರದ ಜೊತೆ ಅದನ್ನು ಕಾಯುವ ಖರ್ಚಿಗೆಂದು ಒಂದು ಇಡಿಗಂಟು ಕೂಡಿಸಿಕೊಳ್ಳುವುದನ್ನೂ ಬಿಗಿ ಮಾಡಿದೆವು. ಇದರಿಂದ ನಮ್ಮ ಲೆಕ್ಕ ನಿಧಾನವಾಗಿ ಬೆಳೆಯುತ್ತದೆ. ಬೆಳೆಯಲಿ.

ಎರಡು ಕಹಿ ಮಾತು ಹೇಳದಿದ್ದರೆ ಅಪ್ರಾಮಾಣಿಕವಾಗುತ್ತದೆ. ಹಕ್ಕು ದಾನ ಮಾಡಿದವರಿಗೆ ಅಲ್ಲಿ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ. ಅದನ್ನು ಹಿಡಿದು ಕೆಲವರು ಕಡಿಮೆ ಬೆಲೆಗೆ ಕೊಂಡ ಜಮೀನಿಗೆ ಹತ್ತಾರು ಪಟ್ಟು ಬೆಲೆ ಕಟ್ಟಿಸಿ, ಪಾಲುದಾರರನ್ನು ಸೇರಿಸಿ, ತೆರಿಗೆ ತಪ್ಪಿಸುವ ದಂಧೆಯನ್ನೇ ಮಾಡಿದರು. 2022ರ ಕೊನೆಯಲ್ಲಿ ಸಂಸತ್ತು ಅದಕ್ಕೆ ಕಡಿವಾಣ ಹಾಕಿತು, ತೀರ ತಡವಾಗಿ. ಇನ್ನೊಂದು ಇದಕ್ಕಿಂತ ಆಳದ್ದು. ನಾವು ‘ಉಳಿಸುತ್ತಿರುವ’ ನೆಲ ನಿಪ್ಮಕ್ ಮೊದಲಾದ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಈಗ ಕೆಲವು ಟ್ರಸ್ಟುಗಳು ಅವರಿಗೆ ನೆಲವನ್ನು ಮರಳಿಸುತ್ತಿವೆ, ಸೊಪ್ಪು, ಬೇರು, ತೊಗಟೆ ತರುವ ಹಕ್ಕನ್ನು ಬರೆದುಕೊಡುತ್ತಿವೆ. ಅದು ನಮ್ಮ ಕೆಲಸದ ಅಂಚಿನಲ್ಲಿ ಇರಬಾರದು, ನಡುವಿಗೆ ಬರಬೇಕು.

ಪ್ರತಿ ವರ್ಷ ನಾನು ಕಾಯುವ ಒಂದು ರಾತ್ರಿ ಇದೆ. ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ, ಹಿಮ ಕರಗಿ ಮೊದಲ ಬೆಚ್ಚಗಿನ ಮಳೆ ಬೀಳುವ ರಾತ್ರಿ. ಕಾಡಿನ ತಗ್ಗುಗಳಲ್ಲಿ ಕೆಲವು ತಿಂಗಳು ಮಾತ್ರ ನಿಲ್ಲುವ ನೀರಿನ ಗುಂಡಿಗಳಿಗೆ ಕಪ್ಪೆಗಳು, ಹಲ್ಲಿಯಂತೆ ಕಾಣುವ, ಮೈಮೇಲೆ ಹಳದಿ ಚುಕ್ಕಿಯ ಸಲಮಾಂಡರುಗಳು ಮೊಟ್ಟೆ ಇಡಲು ಹೊರಡುತ್ತವೆ. ಗುಂಡಿ ಬೇಸಿಗೆಯಲ್ಲಿ ಒಣಗುವುದರಿಂದ ಅಲ್ಲಿ ಮೀನಿಲ್ಲ, ಹಾಗಾಗಿ ಮರಿಗಳಿಗೆ ಅದು ಕ್ಷೇಮ. ದಾರಿಯಲ್ಲಿ ರಸ್ತೆ ಬರುತ್ತದೆ. ನಾವು ಊರ ಮಕ್ಕಳ ಜೊತೆ ಟಾರ್ಚು ಹಿಡಿದು, ಕಾರುಗಳನ್ನು ನಿಧಾನಿಸಿ, ಒದ್ದೆ ಕೈಯಲ್ಲಿ ಅವನ್ನು ಎತ್ತಿ ಆಚೆ ಬಿಡುತ್ತೇವೆ. ನಮ್ಮಲ್ಲಿ ಗಡಿ ಸುತ್ತಲು ಬರುವ ಎಷ್ಟೋ ಸ್ವಯಂಸೇವಕರು ಮೊದಲು ಆ ರಾತ್ರಿಗೆ ಬಂದ ಮಕ್ಕಳು.

ಅಲ್ಲಿನ ಕಾನೂನನ್ನು ಇಲ್ಲಿಗೆ ತನ್ನಿ ಎಂದು ನಾನು ಹೇಳುವುದಿಲ್ಲ. ಇಲ್ಲಿ ಬೆಟ್ಟ ಇದೆ, ಅದರ ಹಕ್ಕು ನಿಮ್ಮ ಕೈಯಲ್ಲಿದೆ, ಅದರ ದಾಖಲೆಯೂ ಇದೆ. ಆದರೆ ತೋಟಕ್ಕೆ ಗೊಬ್ಬರ ಲಾರಿಯಲ್ಲಿ ಬರಲು ಶುರುವಾದ ಮೇಲೆ ಬೆಟ್ಟಕ್ಕೆ ಹೋಗುವವರು ಕಡಿಮೆಯಾಗಿದ್ದಾರೆ. ನನ್ನ ಅಜ್ಜ ನಮ್ಮ ಬೆಟ್ಟದ ಗಡಿಯನ್ನು ಕತ್ತಲಲ್ಲೂ ನಡೆಯುತ್ತಿದ್ದರು. ಹೋದ ವರ್ಷ ನಾವು ಹಗಲಲ್ಲೇ ಹುಡುಕಿದೆವು. ಒಂಬತ್ತು ಗಡಿಕಲ್ಲುಗಳಲ್ಲಿ ಸಿಕ್ಕಿದ್ದು ನಾಲ್ಕು.

ನಾಳೆ ಬೆಳಿಗ್ಗೆ ಏಳಕ್ಕೆ ಉಳಿದ ಐದನ್ನು ಹುಡುಕಲು ಹೊರಡುತ್ತಿದ್ದೇವೆ. ಗ್ರಾಮ ನಕ್ಷೆಯ ಪ್ರತಿಗಳನ್ನು ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಬರುವವರು ಒಂದೊಂದು ತೆಗೆದುಕೊಂಡು ಹೋಗಿ. ನಿಮ್ಮ ಬೆಟ್ಟದ ಸರ್ವೆ ನಂಬರೂ ಅದರಲ್ಲೇ ಸಿಗುತ್ತದೆ.