ಪುರ್ ಪುರ್ ಅಂದ ಮಾತ್ರಕ್ಕೆ ಬೆಕ್ಕು ಹುಷಾರಾಗಿದೆ ಅಂತಲ್ಲ

ನಮಸ್ಕಾರ. ಹೋದ ವಿಡಿಯೋಗೆ ಜಯನಗರದ ಒಬ್ಬರು ಕೇಳಿದ್ದರು: "ನಮ್ಮ ಬೆಕ್ಕು ನಿನ್ನೆಯಿಂದ ಏನೂ ತಿಂತಿಲ್ಲ, ಆದ್ರೆ ಸವರಿದ್ರೆ ಪುರ್ ಪುರ್ ಅನ್ನುತ್ತೆ. ಹುಷಾರಾಗೇ ಇದೆ ಅಲ್ವಾ?"

ಅಲ್ಲ ಸಾರ್. ನೋವಿದ್ದಾಗಲೂ ಬೆಕ್ಕು ಪುರ್ ಪುರ್ ಅನ್ನುತ್ತದೆ. ನೀವು ಮೊದಲು ಡಾಕ್ಟರ್ ಹತ್ರ ಹೋಗಿ, ವಿಡಿಯೋ ಆಮೇಲೆ ನೋಡಿ.

ಉಳಿದವರು ಬನ್ನಿ. ಬೆಕ್ಕು ನೋವನ್ನು ಮುಚ್ಚಿಡುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಮುಖ ಬಾಯಿಬಿಡುತ್ತದೆ! ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಇದಕ್ಕೊಂದು ಅಳತೆಯನ್ನೇ ಪ್ರಕಟಿಸಿದರು, ಹೆಸರು ಫಿಲೈನ್ ಗ್ರಿಮೇಸ್ ಸ್ಕೇಲ್. ಕಿವಿ, ಕಣ್ಣು, ಮೂತಿ, ಮೀಸೆ, ತಲೆ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು 10ಕ್ಕೆ 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನೋವಿನ ಔಷಧಿ ಬೇಕಾಗಬಹುದು. ಇಲ್ಲಿ ಜಾಸ್ತಿ ಮಾರ್ಕ್ಸ್ ಬಂದರೆ ಖುಷಿಪಡಬೇಡಿ.

[ಸ್ಕ್ರೀನ್ ಮೇಲೆ: ಎರಡು ಬೆಕ್ಕಿನ ಮುಖ, ಅಕ್ಕಪಕ್ಕ]

ನನಗೆ ಭಾರೀ ಇಷ್ಟವಾದದ್ದು ಕಿವಿ. ಎಡಗಡೆಯ ಬೆಕ್ಕು ಆರಾಮಾಗಿದೆ, ಕಿವಿ ನೆಟ್ಟಗೆ, ಮುಂದಕ್ಕೆ. ಬಲಗಡೆಯದನ್ನು ನೋಡಿ. ಟ್ರಾಫಿಕ್‌ನಲ್ಲಿ ಯಾರೋ ತಗುಲಿಸಿ ಆಟೋದ ಎರಡೂ ಕನ್ನಡಿ ಹೊರಕ್ಕೆ ತಿರುಗಿಬಿಟ್ಟಿರುತ್ತವಲ್ಲ, ಥೇಟ್ ಹಾಗೆ. ಎರಡು ಕಿವಿಯ ತುದಿಗಳ ನಡುವೆ ಜಾಗ ಎಷ್ಟು ಅಗಲವಾಗಿದೆ ನೋಡಿ. ನಾನಂತೂ ಈಗ ಬೀದಿಯಲ್ಲಿ ಬೆಕ್ಕು ಕಂಡರೂ ಮೊದಲು ಆ ಜಾಗವನ್ನೇ ಅಳೆಯುತ್ತೇನೆ, ಮನೆಯವರಿಗೆ ಸಾಕಾಗಿಹೋಗಿದೆ.

ಇನ್ನು ಕಣ್ಣು ಕಿರಿದಾಗುತ್ತದೆ. ದುಂಡಗಿನ ಮೂತಿ ಬಿಗಿದುಕೊಳ್ಳುತ್ತದೆ, ಬಾಗಿದ ಮೀಸೆ ನೆಟ್ಟಗಾಗಿ ಮುಂದಕ್ಕೆ ಚಾಚುತ್ತದೆ, ತಲೆ ಭುಜಕ್ಕಿಂತ ಕೆಳಗಿಳಿಯುತ್ತದೆ. ನಿದ್ದೆ ಮಾಡುವಾಗ, ತಿನ್ನುವಾಗ, ಮೈ ನೆಕ್ಕುವಾಗ ಅಂಕ ಹಾಕಬೇಡಿ. ಕ್ಲಿನಿಕ್‌ನಲ್ಲಂತೂ ಭಯಕ್ಕೇ ಕಿವಿ ಮಡಚುತ್ತದೆ, ಅದೂ ಸಿಲ್ಕ್ ಬೋರ್ಡ್ ದಾಟಿ ಬಂದಿದ್ದರೆ ಕೇಳಲೇಬೇಡಿ. ಹಾಗಾಗಿ ಮನೆಯಲ್ಲೇ ಫೋಟೋ, ವಿಡಿಯೋ ತೆಗೆದುಕೊಂಡು ಹೋಗಿ ಡಾಕ್ಟರ್‌ಗೆ ತೋರಿಸಿ.

ಟೈಮ್ ಆಗ್ತಿದೆ, ಉಳಿದದ್ದನ್ನು ಬೇಗ ಮುಗಿಸ್ತೀನಿ. ಕೀಲುನೋವಿನಂಥ ಹಳೇ ನೋವು ಮುಖದಲ್ಲಿ ಅಷ್ಟಾಗಿ ಕಾಣದೇ ಇರಬಹುದು. ಅದನ್ನು ನಡವಳಿಕೆಯಲ್ಲಿ ಹುಡುಕಿ: ಫ್ರಿಜ್ ಮೇಲೆ ಹಾರುತ್ತಿದ್ದದ್ದು ಈಗ ಕುರ್ಚಿ ಹತ್ತಿ ಆಮೇಲೆ ಹೋಗುತ್ತದೆ, ಬೆನ್ನ ಕೂದಲು ಗಂಟುಗಂಟಾಗಿದೆ, ಎತ್ತಿಕೊಂಡರೆ ಗುರ್ ಅನ್ನುತ್ತದೆ. "ವಯಸ್ಸಾಯ್ತು ಬಿಡಿ" ಅಂತ ಸುಮ್ನಾಗಬೇಡಿ. ಮನೆಯಲ್ಲಿರುವ ಡೋಲೋ ಚೂರು ಮಾಡಿ ಕೊಡಲೇಬೇಡಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ಗಂಡು ಬೆಕ್ಕು ಲಿಟರ್ ಬಾಕ್ಸ್‌ನಲ್ಲಿ ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ ಅಂದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಅಂಕಗಿಂಕ ಹಾಕುತ್ತಾ ಕೂರಬೇಡಿ, ರಾತ್ರಿ ಎರಡು ಗಂಟೆಯಾದರೂ ತೆರೆದಿರುವ ಆಸ್ಪತ್ರೆ ಹುಡುಕಿ ಹೊರಡಿ.