ತೊಂಬತ್ತೊಂಬತ್ತು ಕೌಂಟಿ ಸುತ್ತುವ ಸೆನೆಟರ್

ಎಲ್ಲರಿಗೂ ನಮಸ್ಕಾರ. ಹಾವೇರಿ ಸೀಮೆ ಅಂದರೆ ಮೆಕ್ಕೆಜೋಳ. ಇವತ್ತು ಇನ್ನೊಂದು ಮೆಕ್ಕೆಜೋಳದ ಸೀಮೆಯ ಕಥೆ ಹೇಳುತ್ತೇನೆ. ಅದು ಅಮೆರಿಕದ ಅಯೋವಾ ರಾಜ್ಯ.

ಅಲ್ಲಿನ ಸೆನೆಟರ್, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆ ಸದಸ್ಯ, ಚಕ್ ಗ್ರಾಸ್ಲಿ ಹುಟ್ಟಿದ್ದು 1933ರಲ್ಲಿ. ರಿಪಬ್ಲಿಕನ್ ಪಕ್ಷದ ಪಕ್ಕಾ ಸಂಪ್ರದಾಯವಾದಿ. ರೈತರ ಮನೆಯವರು. 1981ರಿಂದ ಸೆನೆಟ್‌ನಲ್ಲೇ ಇದ್ದಾರೆ. ಅಯೋವಾದಲ್ಲಿ 99 ಕೌಂಟಿಗಳಿವೆ, ಒಂದೊಂದೂ ನಮ್ಮ ದೊಡ್ಡ ತಾಲ್ಲೂಕಿನಷ್ಟು. ಈ ಮನುಷ್ಯ ಪ್ರತಿ ವರ್ಷ ಎಲ್ಲ 99ಕ್ಕೂ ಹೋಗಿ ಜನರೆದುರು ನಿಲ್ಲುತ್ತಾರೆ. ಅಲ್ಲಿ ಯಾರಾದರೂ ಎಲ್ಲ ಕೌಂಟಿ ಸುತ್ತಿ ಬಂದರೆ ‘ಫುಲ್ ಗ್ರಾಸ್ಲಿ ಮಾಡಿದ’ ಅಂತಲೇ ಹೇಳುತ್ತಾರೆ! 2012ರಲ್ಲಿ ದಾರಿಯಲ್ಲಿ ಅವರ ಕಾರು ಜಿಂಕೆಗೆ ಡಿಕ್ಕಿ ಹೊಡೆಯಿತು. ಚಕ್ರಕ್ಕೆ ಉಜ್ಜುತ್ತಿದ್ದ ತಗಡನ್ನು ತಾವೇ ಎಳೆದು ಸರಿಮಾಡಿ, ಸೀದಾ ಹೊಲಕ್ಕೆ ಹೋದೆ ಅಂತ ಟ್ವೀಟ್ ಮಾಡಿದ್ದರು.

ನನಗೆ ಇಷ್ಟವಾಗಿದ್ದು ಸುತ್ತಾಟವಲ್ಲ, ಸಭೆಯ ರೀತಿ. ನಮ್ಮಲ್ಲಿ ಹಾರ, ಶಾಲು, ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಅಲ್ಲಿ ಏನು ಮಾತಾಡಬೇಕು ಅನ್ನುವುದನ್ನು ಜನರ ಪ್ರಶ್ನೆಗಳೇ ತೀರ್ಮಾನಿಸುತ್ತವೆ.

ಅಲ್ಲಿನ ಹಳ್ಳಿ ಆಸ್ಪತ್ರೆಗಳನ್ನೇ ತಗೊಳ್ಳಿ. ಹಾಸಿಗೆ ಖಾಲಿ, ಖರ್ಚು ಜಾಸ್ತಿ, ಕೊನೆಗೆ ಬಾಗಿಲಿಗೆ ಬೀಗ. ಆಮೇಲೆ ರಾತ್ರಿ ಎದೆನೋವು ಬಂದರೆ ಎಲ್ಲಿಗೆ ಹೋಗುವುದು? ಗ್ರಾಸ್ಲಿ ಮುಂದಿಟ್ಟ ವಿಚಾರ 2020ರ ಕೊನೆಗೆ ಕಾನೂನಾಯಿತು. ಒಳರೋಗಿ ವಿಭಾಗ ಮುಚ್ಚಿ, 24 ಗಂಟೆಯ ತುರ್ತು ಚಿಕಿತ್ಸೆ ಉಳಿಸಿಕೊಂಡರೂ ಸಾಕು, ಸರ್ಕಾರದ ಹಣ ಸಿಗುತ್ತದೆ. 2023ರಿಂದ ಜಾರಿಯಲ್ಲಿದೆ. ಪೂರ್ತಿ ಆಸ್ಪತ್ರೆ ಉಳಿಯಲಿಲ್ಲ ಅನ್ನುವ ಕೊರಗು ಇದ್ದೇ ಇದೆ.

ಇನ್ನು ದನದ ಮಾರುಕಟ್ಟೆ. ಅಮೆರಿಕದಲ್ಲಿ ಕೊಬ್ಬಿಸಿದ ದನಗಳ ಪೈಕಿ ಸುಮಾರು 85% ನಾಲ್ಕೇ ಮಾಂಸದ ಕಂಪನಿಗಳ ಪಾಲು. ಬಹಳಷ್ಟು ವ್ಯಾಪಾರ ಮೊದಲೇ ಮಾಡಿಕೊಂಡ ಒಪ್ಪಂದದಲ್ಲೇ ಮುಗಿಯುತ್ತದೆ. ನಮ್ಮ ಎಪಿಎಂಸಿ ಯಾರ್ಡಿಗೆ ನಾಲ್ಕೇ ಖರೀದಿದಾರರು ಬಂದು, ಅವರೂ ಹೊರಗೇ ಕೊಂಡರೆ, ಬೋರ್ಡಿನ ಮೇಲಿನ ದರಕ್ಕೆ ಏನು ಬೆಲೆ? ಇಂತಿಷ್ಟು ಪಾಲನ್ನು ಬಹಿರಂಗ ಮಾರುಕಟ್ಟೆಯಲ್ಲೇ ಕೊಳ್ಳಬೇಕು ಅಂತ ಗ್ರಾಸ್ಲಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ರೈತರ ನೆರವನ್ನೆಲ್ಲ ತೀರ್ಮಾನಿಸುವ ಅಮೆರಿಕದ ಕೃಷಿ ಕಾಯ್ದೆಯದ್ದು ಬೇರೆ ಗೋಳು. 2018ರದ್ದರ ಅವಧಿ 2023ಕ್ಕೇ ಮುಗಿದಿತ್ತು. ಹೊಸದು ಬಾರದೆ ಹಳೆಯದನ್ನೇ ವರ್ಷ ವರ್ಷ ಮುಂದುವರಿಸುತ್ತಾ ಬಂದರು.

ಈಗ ಎಥೆನಾಲ್. ಪೆಟ್ರೋಲಿಗೆ ಅದನ್ನು ಬೆರೆಸಲೇಬೇಕು ಅಂತ 2005ರಲ್ಲಿ ಕಾನೂನು ಬಂತು, 2007ರಲ್ಲಿ ಇನ್ನಷ್ಟು ಬಿಗಿಯಾಯಿತು. ಅಯೋವಾದ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳ ಎಥೆನಾಲ್‌ಗೇ ಹೋಗುತ್ತದೆ. ಗ್ರಾಸ್ಲಿ ಇದರ ದೊಡ್ಡ ಕಾವಲುಗಾರ. ಸರ್ಕಾರ ಮಾರುಕಟ್ಟೆಗೆ ಕೈ ಹಾಕಬಾರದು ಅನ್ನುವ ಪಕ್ಷದವರು ಇದನ್ನು ಹೇಗೆ ಸಮರ್ಥಿಸುತ್ತಾರೆ? ನನಗಂತೂ ಇದು ಸಿದ್ಧಾಂತವಲ್ಲ, ಹೊಲದ ಲೆಕ್ಕ. ತಪ್ಪು ಅಂತಲೂ ಅನ್ನಿಸುವುದಿಲ್ಲ. ನಮ್ಮ ಮೆಕ್ಕೆಜೋಳವೂ ಈಗ ಎಥೆನಾಲ್ ಕಾರ್ಖಾನೆಗೆ ಹೋಗುತ್ತಿದೆ, ಅಲ್ವಾ?

ಹಾಗಂತ ಅವರನ್ನು ಸುಮ್ನೆ ಹೊಗಳಿ ಬಿಡಲಾರೆ. 2009ರಲ್ಲಿ ವಿಂಟರ್‌ಸೆಟ್ ಊರಿನ ಸಭೆಯಲ್ಲಿ, ಒಬಾಮಾ ಕಾಲದ ಆರೋಗ್ಯ ಮಸೂದೆಯ ಬಗ್ಗೆ ಮಾತಾಡುತ್ತಾ, ಅಜ್ಜಿಯನ್ನು ಸಾಯಲು ಬಿಡುವ ಯೋಜನೆಗೆ ಜನ ಹೆದರುವುದು ಸರಿ ಅನ್ನುವ ಅರ್ಥದ ಮಾತಾಡಿದ್ದರು. ಮಸೂದೆಯಲ್ಲಿ ಅಂಥದ್ದೇನೂ ಇರಲಿಲ್ಲ. ಜನರೆದುರು ನಿಂತವರೆಲ್ಲ ಸತ್ಯವನ್ನೇ ಹೇಳುತ್ತಾರೆ ಅಂತಲ್ಲ. 2025ರ ಏಪ್ರಿಲ್‌ನಲ್ಲಿ ಫೋರ್ಟ್ ಮ್ಯಾಡಿಸನ್‌ನಲ್ಲಿ ಲೆಕ್ಕ ತಿರುಗಿತು. ಟ್ರಂಪ್ ಸರ್ಕಾರ ತಪ್ಪಾಗಿ ಗಡೀಪಾರು ಮಾಡಿದ ಒಬ್ಬನನ್ನು ವಾಪಸ್ ಕರೆತರುತ್ತೀರಾ ಅಂತ ಜನ ಕೂಗಾಡಿದರು. ಗ್ರಾಸ್ಲಿ ಕೊಟ್ಟ ಉತ್ತರ ಕೂಗಿದವರಿಗೆ ಹಿಡಿಸಲಿಲ್ಲ. ಆಗ ಅವರಿಗೆ 91 ವರ್ಷ.

ಸರಿ, ನಾನೂ ಮಾತು ನಿಲ್ಲಿಸುತ್ತೇನೆ. ಹಿಂದಿನ ಬೆಂಚಿನ ಯಜಮಾನರು ಆಗಲೇ ಕೈ ಎತ್ತಿದ್ದಾರೆ. ಬಹುಶಃ ಮೆಕ್ಕೆಜೋಳದ ಬೆಂಬಲ ಬೆಲೆಯ ವಿಷಯವೇ ಇರಬೇಕು. ಮೈಕ್ ಆ ಕಡೆ ಕೊಡಿ.